ಮಣೆಯಷ್ಟು ದೊಡ್ಡ ಕಾಮಿಕ್ಸು

ಎಲ್ಲ ರೂಪದೊಳಗೂ ತಾನೇ ಇರುವ ಪರಶಿವನಿಗೆ ಶರಣು ಅಂದು ಸುರು ಮಾಡುತ್ತೇನೆ.

ಎಂಬತ್ತರ ದಶಕದಲ್ಲಿ, ನಾನು ಹುಡುಗನಿದ್ದಾಗ, ಸೂಪರ್‌ಹೀರೋಗಳ ಕೆಲವು ಕಾಮಿಕ್ಸು ಕೂಡುವ ಮಣೆಯಷ್ಟು ದೊಡ್ಡವಿರುತ್ತಿದ್ದವು. ಅಂಥದೊಂದು ಮೊನ್ನೆ ಲಿಂಗಸುಗೂರಿನ ರದ್ದಿ ಅಂಗಡಿಯಲ್ಲಿ ಸಿಕ್ಕಿತು. ಮೂಲೆ ಮಡಚಿಕೊಳ್ಳಬಾರದೆಂದು, ಪುರಾಣ ಹೇಳುವಾಗ ಹೊದೆಯುವ ಹೆಗಲಿನ ಶಲ್ಯದಲ್ಲಿ ಸುತ್ತಿಕೊಂಡು ಸಿಂಧನೂರಿನ ಬಸ್ಸು ಹತ್ತಿದೆ.

ಮಸ್ಕಿಯಲ್ಲಿ ಒಬ್ಬ ಅಜ್ಜಿ ಹತ್ತಿ ಪಕ್ಕದಲ್ಲಿ ಕುಂತಳು. ಕಣ್ಣಿನ ಆಪರೇಷನ್‌ಗೆ ಹೊರಟಿದ್ದಳು.

"ಕಣ್ಣು ಪೂರಾ ಹೋಗ್ಯಾವೇನೋ ಅಂತ ಜೀವ ಅಂಜಾಕತ್ತೈತ್ರೀ," ಅಂದವಳು ನನ್ನ ತೊಡೆಯ ಮೇಲಿನ ಗಂಟು ಸವರಿದಳು. "ಯಾವ ಪುರಾಣ ರೀ ಸ್ವಾಮ್ಯಾರ?"

ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ಪುರಾಣ ಅಲ್ಲ ಯವ್ವ, ಚಿತ್ರದ ಪುಸ್ತಕ," ಅಂತ ಬಿಚ್ಚಿ ಹಿಡಿದೆ. ಪುಟದ ತುಂಬ ಒಬ್ಬನೇ ವೀರ ಹಾರುತ್ತಿದ್ದ. ಅಜ್ಜಿ ಮೂಗು ತಾಗುವಷ್ಟು ಬಗ್ಗಿದಳು.

"ಕೆಂಪಂದು ಏನೋ ಹಾರಾಕತ್ತೈತಿ... ಮನಿಷಾ ಅದಾನ... ಅಯ್ಯ, ಚಡ್ಡಿ ಹೊರಗ ಹಾಕ್ಕೊಂಡಾನಲ್ರೀ! ಕಾಣ್ತೈತ್ರೀ ನನಗ!"

ಬಸ್ಸೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಅಂಗೈಯಷ್ಟು ಮೊಬೈಲಿನಲ್ಲಿ ಆ ವೀರ ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ. ನಮ್ಮ ಕಾಲದ ಪುಸ್ತಕದ ಮೇಲೆ ಹೆಮ್ಮೆ ಉಕ್ಕಿ ಬಂತು. ಇಳಿಯುವಾಗ ಅವಳು ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ನಾನು ಬೇಡ ಅನ್ನಲಿಲ್ಲ. ಹುಲಿಚರ್ಮ ಉಟ್ಟ ನಮ್ಮ ಶಿವ ಒಂದು ಚಡ್ಡಿಗೆ ಸಿಟ್ಟಾಗಲಿಕ್ಕಿಲ್ಲ.

ಇಷ್ಟೊತ್ತು ಕೇಳಿದ ನಿಮ್ಮೆಲ್ಲರ ಕಣ್ಣನ್ನೂ ಅವನೇ ಕಾಯಲಿ.