ಕೂಸಿನ ಪಾಳಿ

ಸಿಟ್ಟು ಬಂದರೆ ನಮ್ಮ ಶಾಲೆಯ ಅಕ್ಕೋರ ಬಲಗಿವಿ ಕೆಂಪಾಗುತ್ತಿತ್ತು. ಬಲಗಿವಿ ಮಾತ್ರ. ಎಡಗಿವಿ ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ತಣ್ಣಗಿರುತ್ತಿತ್ತು. ನಾವು ಮಕ್ಕಳು ಅಕ್ಷರಕ್ಕಿಂತ ಮೊದಲು ಓದಲು ಕಲಿತದ್ದು ಆ ಕಿವಿಯನ್ನು.

ಐವತ್ತೆಂಟನೆಯ ಇಸವಿಯೋ ಐವತ್ತೊಂಬತ್ತೋ ಇರಬೇಕು. ಅಂಜನಾಪುರದ ನಾಲೆಯ ನೀರು ಉಣ್ಣುವ ಊರು ನಮ್ಮದು. ಶಾಲೆಯೆಂದರೆ ಚಾವಡಿಯ ಪಕ್ಕದ ಒಂದೇ ಕೋಣೆ, ನಾಲ್ಕು ಕ್ಲಾಸಿಗೂ ಒಬ್ಬರೇ ಅಕ್ಕೋರು. ಸೊರಬದ ಕಡೆಯವರು. ಅವರು ‘ಎಂತ’ ಅಂದರೆ ಸಾಕು, ನಾವು ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಿದ್ದೆವು. ಈಗಲೂ ಕಣ್ಣು ಮುಚ್ಚಿದರೆ ಆ ಕೋಣೆ ತಿಳಿನೀರಿನ ತಳದಲ್ಲಿ ಕಂಡ ಹಾಗೆ ಕಾಣುತ್ತದೆ. ಹೆಂಚಿನ ಸಂದಿಯಿಂದ ಇಳಿದ ಬಿಸಿಲಕೋಲು, ಅದರೊಳಗೆ ಮೆಲ್ಲಗೆ ಈಜುವ ಧೂಳು, ಅದರಾಚೆ ಎಲ್ಲೋ ಅಕ್ಕೋರ ದನಿ.

ಬಂದ ಮೊದಲ ವಾರ ಅವರು ಸ್ಲೇಟು ಮುಟ್ಟಿಸಲೇ ಇಲ್ಲ. ಬರೀ ಒಳಗೆ ಬರುವುದು, ಹೊರಗೆ ಹೋಗುವುದು. ಕಾಲು ತೊಳೆದು, ಒಬ್ಬರ ಹಿಂದೆ ಒಬ್ಬರು ಹೊಸ್ತಿಲು ದಾಟಿ, ಸಾಲು ಹಿಡಿದು ಕೂರಬೇಕು. ತಪ್ಪಿದರೆ ಬೆತ್ತ ಇಲ್ಲ, ಬೈಗುಳ ಇಲ್ಲ. “ಇನ್ನೊಂದ್ಸಲ” ಅನ್ನುವರು. ಎಲ್ಲರೂ ಎದ್ದು ಹೊರಗೆ, ಮತ್ತೆ ಒಳಗೆ.

“ಕೊಟ್ಟಿಗಿಗೆ ದನ ಹೊಡದಂಗೆ ಹೊಡೀತಾರಲ್ಲ ನಿಮ್ಮಕ್ಕೋರು” ಎಂದು ಅಪ್ಪ ನಗುತ್ತಿದ್ದ.

ಮಾತಾಡುವ ನಿಯಮವನ್ನು ಅವರು ಕಲಿಸಿದ್ದು ನೀರಿನಿಂದ. ಅಂಗಳದಲ್ಲಿ ಕೋಲಿನಿಂದ ಒಂದು ಕಾಲುವೆ ಗೀರಿದರು. ಅದರ ಎರಡೂ ಕಡೆ ಒಬ್ಬೊಬ್ಬರಿಗೆ ಅಂಗೈಯಗಲದ ಗದ್ದೆ. ಕೊಡದಿಂದ ನೀರು ಬಿಟ್ಟು, “ಎಲ್ರೂ ಒಟ್ಟಿಗೇ ಬದು ಒಡೀರಿ” ಎಂದರು. ಒಡೆದೆವು. ನೀರು ಅಷ್ಟಷ್ಟೇ ಹರಿದು ಮಣ್ಣಲ್ಲಿ ಇಂಗಿತು. ಯಾರ ಗದ್ದೆಯೂ ತುಂಬಲಿಲ್ಲ.

“ಎಂತ ಆಯ್ತು?”

“ಪಾಳಿ ತಪ್ಪಿತ್ರಿ ಅಕ್ಕೋರೆ!” ಸರದಿಯ ಮೇಲೆ ನೀರು ಕಟ್ಟುವ ಮನೆಯ ಮಕ್ಕಳಿಗೆ ಅದನ್ನು ಹೇಳಿಕೊಡಬೇಕಾಗಿರಲಿಲ್ಲ.

“ಮಾತೂ ಹಂಗೇ. ಒಬ್ರ ಪಾಳಿ ಮುಗಿದ ಮೇಲೆ ಇನ್ನೊಬ್ರದು.”

ಅಂದಿನಿಂದ ಕೈ ಎತ್ತಿ ಕಾಯುವುದು ರೂಢಿಯಾಯಿತು. ನಾನು ಮಾತ್ರ ನಾಚಿಕೆಯ ಮುದ್ದೆ. ಒಂದು ದಿನವೂ ಕೈ ಎತ್ತಿದವಳಲ್ಲ.

ಮರುವರ್ಷ ನಾಟಿ ಶುರುವಾದಾಗ ನನ್ನ ಓದಿಗೆ ಕುತ್ತು ಬಂತು. ಅವ್ವ ಗದ್ದೆಗೆ ಹೋಗಬೇಕು. ಎಂಟು ತಿಂಗಳ ತಮ್ಮನನ್ನು ನೋಡಿಕೊಳ್ಳಲು ನನ್ನ ಬಿಟ್ಟರೆ ಯಾರೂ ಇಲ್ಲ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಶಾಲೆಗೆ ಹೋದೆ. ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರು ಮಾತ್ರ ಒಳಗೆ ಬರಬೇಕೆಂಬ ನಿಯಮವಿತ್ತು. ಅಂಗಿಯೊಳಗೆ ನಾಯಿಮರಿ ಅಡಗಿಸಿಕೊಂಡು ಬರುವ ಹುಡುಗರಿಗಾಗಿ ಮಾಡಿದ್ದು ಅದು. ನಾನು ಕಿಟಕಿಯ ಕೆಳಗೆ ಕೂತು ಒಳಗಿನ ಮಗ್ಗಿ ಕೇಳಿಸಿಕೊಂಡೆ. ಕೂಸು ಅತ್ತಿತು. ಅಕ್ಕೋರು ಕಿಟಕಿಯಿಂದ ಬಗ್ಗಿ ನೋಡಿದರು. ಬಲಗಿವಿ ಕೆಂಪಾಗಿತ್ತು! ನನ್ನ ಮೇಲೇ ಸಿಟ್ಟೆಂದು ತಿಳಿದು ಕೂಸನ್ನೆತ್ತಿಕೊಂಡು ಮನೆಗೆ ಓಡಿದೆ.

ಸಂಜೆ ಅಕ್ಕೋರೇ ಮನೆಗೆ ಬಂದರು.

“ಶಾಲಿ ಬಿಡಿಸ್ತೀವ್ರಿ ಅಕ್ಕೋರೆ” ಎಂದಳು ಅವ್ವ. “ಇವ್ಳು ಓದಾಕೆ ಕೂತ್ರೆ ಕೂಸು ಯಾರು ನೋಡ್ಬೇಕ್ರಿ?”

“ಇಬ್ರನ್ನೂ ಕಳಿಸಿ.”

“ನಿಮ್ದೇ ಏನೋ ನಿಯಮ ಐತಂತಲ್ರಿ?”

“ಅದು ಶಾಲೆದು. ಶಾಲೇನೇ ಕೇಳ್ತೀನಿ.”

ಮಾರನೆಯ ದಿನ ನನ್ನನ್ನು ಹೊಸ್ತಿಲ ಹೊರಗೇ ನಿಲ್ಲಿಸಿ ಅಕ್ಕೋರು ಕ್ಲಾಸಿಗೆ ಕೇಳಿದರು: “ಕೂಸು ಒಳಗೆ ಬಂದ್ರೆ ನಿಯಮ ಮುರೀತದೆ. ಬರದಿದ್ರೆ ಈ ಹುಡುಗಿ ಶಾಲೆ ಬಿಡ್ತಾಳೆ. ಎಂತ ಮಾಡನ?”

ಹಿಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿದ. “ಇನ್ನೊಂದು ನಿಯಮ ಮಾಡನ್ರಿ. ಕೂಸಿಗೂ ಪಾಳಿ.”

“ಉಚ್ಚಿ ಹೊಯ್ದ್ರೆ?” ಎಂದ ಪಕ್ಕದವನು.

“ಯಾರ ಪಾಳ್ಯಾಗೆ ಹೊಯ್ತೈತೋ ಅವ್ರೇ ಒರೆಸ್ಬೇಕು!”

“ಅಕ್ಕೋರ ಪಾಳ್ಯಾಗೆ ಹೊಯ್ದ್ರೆ?”

“ಅಕ್ಕೋರೇ ಒರೆಸ್ತಾರೆ” ಎಂದರು ಅಕ್ಕೋರು.

ಆಮೇಲೆ ಅಭ್ಯಾಸ. ಗೋಣಿಚೀಲ ಸುತ್ತಿ ಕೂಸು ಮಾಡಿ, ಒಬ್ಬರ ಮಡಿಲಿಂದ ಒಬ್ಬರ ಮಡಿಲಿಗೆ ದಾಟಿಸುವುದು. “ಬೆನ್ನಿಗೊಂದು ಕೈ, ಅಡಿಗೊಂದು ಕೈ. ಬಿತ್ತಲ! ಇನ್ನೊಂದ್ಸಲ.” ಗೋಣಿಕೂಸು ಬೀಳುವುದು ನಿಂತ ಮೇಲೆಯೇ ನನ್ನ ತಮ್ಮನಿಗೆ ಪ್ರವೇಶ. ಒಂದೊಂದು ಮಗ್ಗಿ ಮುಗಿದಂತೆ ಅವನು ಒಂದೊಂದು ಮಡಿಲು ದಾಟುತ್ತ, ಬಿಸಿಲಕೋಲನ್ನು ಹಿಡಿಯಲು ಕೈ ಚಾಚುತ್ತ, ದೋಣಿಯ ಹಾಗೆ ಕೋಣೆ ತುಂಬ ತೇಲುತ್ತಿದ್ದ. ನಾನು ಎರಡೂ ಕೈ ಬಿಡುವಾಗಿ ಕಾಗುಣಿತ ತಿದ್ದುತ್ತಿದ್ದೆ.

ಒಂದು ದಿನ ಹೇಳದೆ ಕೇಳದೆ ಇನ್‌ಸ್ಪೆಕ್ಟರ್ ಸಾಹೇಬರು ಬಂದರು. ಕೂಸು ಅಕ್ಕೋರ ಹೆಗಲ ಮೇಲಿತ್ತು.

“ಯಾರ ಮಗು ಇದು?”

“ಈಗ ನಂದು, ಸಾರ್. ಮಗ್ಗಿ ಮುಗಿದ ಮೇಲೆ ಪಾಳಿ ಬದಲಾಗ್ತದೆ.”

“ತಮಾಷೆ ಸಾಕು. ಹೊರಗೆ ಕಳಿಸಿ.”

ಅಕ್ಕೋರು ಹಾಜರಿ ಪುಸ್ತಕ ತೆರೆದು ಸಾಹೇಬರ ಮುಂದಿಟ್ಟರು. ಮೇಲೆ ಪೆನ್ನು. “ಕೂಸು ಹೋದ್ರೆ ಅದರಕ್ಕನೂ ಹೋಗ್ತಾಳೆ. ಅವಳ ಹೆಸರನ್ನ ನೀವೇ ಹೊಡೀರಿ ಸಾರ್. ನನ್ನ ಕೈಲಿ ಆಗೂದಿಲ್ಲ.”

ಅವತ್ತು ಮೊದಲ ಸಲ ಅವರ ಎರಡೂ ಕಿವಿ ಕೆಂಪಾದದ್ದನ್ನು ಕಂಡೆ. ಸಾಹೇಬರು ಪೆನ್ನು ಕೈಗೆತ್ತಿಕೊಂಡರು. ನನಗೆ ಏನಾಯಿತೋ ಗೊತ್ತಿಲ್ಲ, ಕೈ ತಾನಾಗಿ ಮೇಲೆ ಹೋಯಿತು. ಎತ್ತಿ ಕಾದೆ.

“ಏನಮ್ಮ?”

“ಮುಂದಿನ ಪಾಳಿ ನಂದ್ರಿ ಸಾಹೇಬ್ರೆ. ಕೂಸು ಎತ್ಕಂಡೇ ಬರೀತೀನ್ರಿ. ಬರಿಯಾಕೆ ಬರ್ತೈತ್ರಿ ನಂಗೆ.”

ಅವರು ನನ್ನನ್ನು ನೋಡಿದರು, ಸ್ಲೇಟನ್ನು ನೋಡಿದರು. ಪೆನ್ನಿಗೆ ಟೋಪಿ ಹಾಕಿದರು. “ಹೊರಗಿನೋರಿಗೆ ಕಾಣದಂಗೆ ಬಾಗ್ಲಾದ್ರೂ ಮುಂದೆ ಮಾಡ್ಕಳ್ರಿ ತಾಯಿ” ಎಂದು ಹೊರಟುಹೋದರು.

ಹೀಗೆ ನಾಲ್ಕನೆಯ ಕ್ಲಾಸು ಮುಗಿಸಿದೆ. ನನ್ನ ಪಾಲಿಗೆ ಶಾಲೆ ಅಷ್ಟೇ. ಅದೇ ಬೇಸಗೆಯಲ್ಲಿ ಅಕ್ಕೋರಿಗೂ ಸೊರಬಕ್ಕೆ ವರ್ಗವಾಯಿತು. ಎಷ್ಟೋ ವರ್ಷಗಳಾದ ಮೇಲೆ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು, ತಲೆಯೆಲ್ಲ ಬೆಳ್ಳಗೆ. ನಾನು ಯಾರೆಂದು ಹೇಳಿದೆ. “ಕೂಸು ಎಲ್ಲಿ?” ಎಂದು ಕೇಳಿದರು. ಪಕ್ಕದಲ್ಲಿ ನಿಂತಿದ್ದ ಮೀಸೆಯ ಗಂಡಸನ್ನು ತೋರಿಸಿದೆ. ಅವರು ನಕ್ಕ ನಗೆಗೆ ಬಸ್ಸಿನೊಳಗಿನ ಜನ ತಿರುಗಿ ನೋಡಿದರು. ಅದೇ ಕೊನೆ. ಅವರು ಹೋದ ಸುದ್ದಿ ನನಗೆ ಮುಟ್ಟುವಾಗ ತಿಥಿಯೂ ಕಳೆದಿತ್ತು.

ನಿನ್ನೆ ಮಧ್ಯಾಹ್ನ ಮೊಮ್ಮಗಳು ಕಥೆ ಪುಸ್ತಕ ತಂದು “ಅಜ್ಜಿ, ಓದು” ಎಂದಳು. ಬೆರಳಿಟ್ಟು, ಅಕ್ಷರ ಅಕ್ಷರ ಹಿಡಿದು ಓದಿದೆ. ನನ್ನ ತೊಡೆಯ ಮೇಲೊಂದು ಜೀವ, ನನ್ನ ಬಾಯಲ್ಲಿ ಅಚ್ಚಿನ ಮಾತು. ಎದೆ ಬಿರಿಯುವಷ್ಟು ಖುಷಿ ನನಗೆ! ಮೂರನೆಯ ಪುಟಕ್ಕೇ ಅವಳು ನಿದ್ದೆ ಹೋದಳು. ನಾನು ನಿಲ್ಲಿಸಲಿಲ್ಲ. ಅಕ್ಕೋರಿಗೆ ಕೇಳಿಸಲಿ ಎಂದು ಕೊನೆಯ ಪುಟದವರೆಗೂ ಗಟ್ಟಿಯಾಗಿ ಓದಿದೆ.