ನನ್ನ ಕೈಗೆ ಬಂದ ಕ್ಲಚ್ಚು

ಅದು 1996ನೇ ಇಸವಿ. ಕಾಮಗೆರೆ ಹತ್ತಿರದ ಹಳ್ಳಿಯಲ್ಲಿ ನಮ್ಮದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ನಮ್ಮ ಯಜಮಾನರ ಹತ್ತಿರ ಒಂದು ಮೋಟಾರ್ ಬೈಕ್ ಇತ್ತು. ಎತ್ತಿನ ಮೈ ತೊಳೆಯುವುದನ್ನಾದರೂ ಮರೆತಾರು, ಅದನ್ನು ಒರೆಸುವುದನ್ನು ಮಾತ್ರ ಮರೆಯುತ್ತಿರಲಿಲ್ಲ.

ಆ ವರ್ಷದ ಸುಗ್ಗಿಯಲ್ಲಿ ಯಾರೋ ಒಕ್ಕಣೆಗೆಂದು ಟಾರು ರಸ್ತೆಯ ಮೇಲೆ ಹುರುಳಿ ಹರಡಿದ್ದರು. ನಮ್ಮ ಕಡೆ ರಸ್ತೆಯೇ ಕಣ, ಬಸ್ಸು ಲಾರಿಗಳೇ ಕಾಳು ಉದುರಿಸುವ ರೋಣುಗಲ್ಲು. ಆ ಹುರುಳಿ ಬಳ್ಳಿಯ ಮೇಲೆ ಇವರ ಬೈಕು ಜಾರಿ ಮೋರಿಯ ಕಟ್ಟೆಗೆ ಗುದ್ದಿತು. ಬೈಕಿನ ಮುಂದಿನ ಚಕ್ರ ಹಿಡಿದಿರುವ ಫೋರ್ಕು ಸೊಟ್ಟಗಾಯಿತು, ಇವರ ಎಡಗೈ ಮಣಿಕಟ್ಟು ಮುರಿಯಿತು. ಮೂಳೆ ಏನೋ ಕೂಡಿಕೊಂಡಿತು, ಬೆರಳುಗಳು ಮಾತ್ರ ಪೂರ್ತಿ ಮಡಚಲಿಲ್ಲ. ದಿನಾ ರಬ್ಬರ್ ಚೆಂಡು ಅಮುಕಿ, ನಿಧಾನಕ್ಕೆ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದರು. "ಚೆಂಡು ಇಡ್ಕಂಡು ಆಡಕೆ ನಾನೇನ್ ಸಣ್ ಐದ್ನಾ?" ಎಂದು ಇವರು ಅದನ್ನು ಮೂಲೆಗೆ ಎಸೆದರು.

ಎಡಗೈಯಲ್ಲಿ ಕ್ಲಚ್ಚು ಹಿಡಿಯಲಾಗದಿದ್ದರೆ ಗೇರು ಹಾಕುವುದು ಹೇಗೆ? ಬೈಕು ಗೋಣಿಚೀಲ ಹೊದ್ದುಕೊಂಡು ಕೊಟ್ಟಿಗೆ ಸೇರಿತು. ರೇಷ್ಮೆ ಗೂಡನ್ನು ಬಸ್ಸಿನಲ್ಲಿ ಕೊಳ್ಳೇಗಾಲದ ಮಾರುಕಟ್ಟೆಗೆ ಹೊತ್ತುಕೊಂಡು ಹೋಗಬೇಕಾಯಿತು. ಅಷ್ಟು ಜನರ ನೂಕುನುಗ್ಗಲಿನಲ್ಲಿ ಗೂಡು ಅಪ್ಪಚ್ಚಿಯಾಗುತ್ತಿತ್ತು. ಅದಕ್ಕಿಂತ ನನಗೆ ಸಂಕಟವಾಗಿದ್ದು ಇವರನ್ನು ನೋಡಿ. ಊರಿನ ಸುದ್ದಿಯೆಲ್ಲ ಹೊತ್ತು ತರುತ್ತಿದ್ದ ಮನುಷ್ಯ ಜಗಲಿ ಬಿಟ್ಟು ಏಳುತ್ತಿರಲಿಲ್ಲ. ಮಾತೂ ಇಲ್ಲ, ನಗುವೂ ಇಲ್ಲ, ಸಾರಿಗೆ ಉಪ್ಪು ಕಮ್ಮಿಯಾದರೆ ಬೈಗುಳವೂ ಇಲ್ಲ.

ಒಂದು ದಿನ ಇವರ ತಂಗಿಯ ಗಂಡ ಯಳಂದೂರಿನಿಂದ ಬಂದರು. "ಸುಮ್ನೆ ತುಕ್ಕಿಡಿತಾ ನಿಂತದಲ್ಲ ಭಾವ, ನಂಗಾರ ಕೊಟ್ಬುಡು" ಎಂದರು.

"ತಕಂಡೋಗಪ್ಪ" ಎಂದುಬಿಟ್ಟರು ಇವರು.

ಒಳಗೆ ಮುದ್ದೆ ತಿರುವುತ್ತಿದ್ದ ನನಗೆ ಇದು ಕೇಳಿಸಿತು. ಗಾಡಿ ಹೋದರೆ ಹೋಗಲಿ, ಅದರ ಹಿಂದೆಯೇ ನನ್ನ ಹಳೆಯ ಗಂಡನೂ ಹೋಗಿಬಿಡುತ್ತಾರೇನೋ ಎಂದು ಹೆದರಿಕೆಯಾಯಿತು. ಕೋಲು ಹಿಡಿದುಕೊಂಡೇ ಹೊರಗೆ ಬಂದು, "ಗಾಡಿ ಕೊಡಕಿಲ್ಲ ಕಣಣ್ಣ. ರಿಪೇರಿ ಮಾಡುಸ್ತೀವಿ" ಎಂದೆ. ಇಬ್ಬರೂ ನನ್ನ ಮುಖವನ್ನೇ ನೋಡಿದರು. ಹೇಗೆ ಮಾಡಿಸುವುದು ಎಂದು ನನಗೂ ಗೊತ್ತಿರಲಿಲ್ಲ.

ಬೈಕನ್ನು ಟ್ರ್ಯಾಕ್ಟರಿಗೆ ಹಾಕಿಸಿಕೊಂಡು ಕೊಳ್ಳೇಗಾಲದ ಮೆಕ್ಯಾನಿಕ್ ಮಾದೇಶನ ಅಂಗಡಿಗೆ ಹೋದೆವು. ಮಾದೇಶನ ಕೈಗಿಂತ ಬಾಯಿ ಜೋರು. ಸೊಟ್ಟಗಾಗಿದ್ದ ಫೋರ್ಕು ಬಿಚ್ಚಿ ಎಸೆದು, ಯಳಂದೂರಿನ ಗುಜರಿಯಲ್ಲಿ ಸಿಕ್ಕ ದೊಡ್ಡ ಬೈಕೊಂದರ ದಪ್ಪ ಫೋರ್ಕನ್ನು, ಅದರ ಚಕ್ರ, ಬ್ರೇಕಿನ ಸಮೇತ ಕೂರಿಸಿದ. "ಈ ಬ್ರೇಕ್ ಇಡುದ್ರೆ ಲಾರಿನೂ ನಿಂತ್ಕತದೆ ಅಕ್ಕಾ" ಎಂದ. ಅಗಲವಾದ ಹೊಸ ಹ್ಯಾಂಡಲ್ ಹಾಕಿದ. ಹಾರ್ನು, ಲೈಟಿನ ಸ್ವಿಚ್ಚುಗಳನ್ನು ಬಲಗಡೆಗೆ ತಂದ. ಕ್ಲಚ್ಚನ್ನೂ ಬಲಗಡೆಯೇ, ಬ್ರೇಕಿನ ಕೆಳಗೆ ಜೋಡಿಸಿ, "ಓಡ್ಸಣ್ಣಾ, ರಾಜನಂಗೆ" ಎಂದ.

ಒಂದೇ ಕೈ ಎಷ್ಟು ಕೆಲಸ ಮಾಡೀತು? ಅದೇ ಕೈ ಕ್ಲಚ್ಚು ಬಿಡಬೇಕು, ಅದೇ ಕೈ ಆಕ್ಸಿಲೇಟರ್ ತಿರುವಬೇಕು, ಅದೇ ಕೈ ಬ್ರೇಕ್ ಹಿಡಿಯಬೇಕು. ಬೈಕು ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತಿತು. ಮತ್ತೆ ಹೊರಟರೆ ಮತ್ತೆ ನಿಂತಿತು. ಎದುರಿನ ಟೀ ಅಂಗಡಿಯವರು ಗ್ಲಾಸು ಕೆಳಗಿಟ್ಟು ನಕ್ಕರು. ಇವರು ಸ್ಟ್ಯಾಂಡ್ ಹಾಕಿ, "ನಡಿಯಮ್ಮಿ, ಬಸ್ಸಿಗೋಗಮ. ಬಂದು ತಕಂಡೋಗು ಅಂತ ಯಳಂದೂರ್ ಭಾವುಂಗೆ ಯೋಳ್ಕಳುಸ್ತೀನಿ" ಎಂದರು. ಮಾದೇಶ ಸ್ಪ್ಯಾನರ್ ಎತ್ತಿಡತೊಡಗಿದ.

ನಾವು ಹೆಂಗಸರು ಬೈಕಿನಲ್ಲಿ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂರುವವರು. ಬಲಗೈ ಗಂಡನ ಭುಜದ ಮೇಲೆ, ಎಡಗೈ ಸೀಟಿನ ಹಿಂದಿನ ಕಂಬಿಯ ಮೇಲೆ. ಇದ್ದಕ್ಕಿದ್ದಂತೆ ನನಗೆ ಆ ಕಂಬಿ ಕಾಣಿಸಿತು. "ನನ್ ಎಡಗೈ ಸುಮ್ನೆ ಕಂಬಿ ಇಡ್ಕಂಡು ಕೂತಿರ್ತದಲ್ಲಪ್ಪ ಮಾದೇಶ, ಕ್ಲಚ್ಚ ಅಲ್ಗೆ ಹಾಕ್ಬುಡು. ನಾ ಇಡಿತೀನಿ" ಎಂದೆ.

"ಏ, ಆಗಕಿಲ್ಲ ಅಕ್ಕಾ. ಎಲ್ಲಾರ ಉಂಟಾ?" ಎಂದ ಮಾದೇಶ. ಆಮೇಲೆ ಸೀಟನ್ನು ಒಮ್ಮೆ ನೋಡಿದ, ಕಂಬಿಯನ್ನು ಒಮ್ಮೆ ನೋಡಿದ. ಸೀಟು ಬಿಚ್ಚಿ, ಅದರ ಅಡಿಯಿಂದ ಉದ್ದನೆಯ ಕೇಬಲ್ ಎಳೆದು, ಕ್ಲಚ್ಚಿನ ಹಿಡಿಯನ್ನು ಕಂಬಿಗೆ ಬಿಗಿದೇ ಬಿಟ್ಟ. ಸಂಜೆಯ ಹೊತ್ತಿಗೆ ಇದು ತನ್ನದೇ ಐಡಿಯಾ ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ನಮ್ಮೂರ ಕೆರೆ ಏರಿಯ ಮೇಲೆ ಅಭ್ಯಾಸ ಶುರುವಾಯಿತು. ಇವರು "ಇಡಿ" ಅಂದರೆ ನಾನು ಅಮುಕಬೇಕು, ಇವರು ಕಾಲಲ್ಲಿ ಗೇರು ಹಾಕಬೇಕು, "ಬುಡು" ಅಂದರೆ ಮೆಲ್ಲಗೆ ಬಿಡಬೇಕು. ಮದುವೆಯಾದ ಮೇಲೆ ಇವರು ಹೇಳಿದ್ದನ್ನು ಹೇಳಿದ ಕೂಡಲೇ ಮಾಡಿದ್ದು ಅದೇ ಮೊದಲು. ಊರಿನ ಮಕ್ಕಳು "ಇಡಿ, ಬುಡು" ಎಂದು ಕೂಗುತ್ತಾ ಹಿಂದೆ ಓಡಿ ಬರುತ್ತಿದ್ದರು. ಕೆಲವು ದಿನ ಕಳೆಯುವಷ್ಟರಲ್ಲಿ ಮಾತೇ ಬೇಡವಾಯಿತು. ಗೇರು ಹಾಕುವ ಮುಂಚೆ ಇವರ ಭುಜ ಸ್ವಲ್ಪ ಬಿಗಿಯಾಗುತ್ತಿತ್ತು, ನನ್ನ ಬಲಗೈಗೆ ಅದು ತಿಳಿಯುತ್ತಿತ್ತು.

ಗೂಡು ಬಿಡಿಸಿದ ದಿನ ಧೈರ್ಯ ಮಾಡಿ ಕೊಳ್ಳೇಗಾಲಕ್ಕೆ ಹೊರಟೆವು. ಗೂಡಿನ ಮೂಟೆಯನ್ನು ಟ್ಯಾಂಕಿನ ಮೇಲೆ ಕಟ್ಟಿದ್ದೆವು. "ಸರಿಯಾಗ್ ಹೋದ್ರೆ ಗಾಡಿ ಇಟ್ಕಳದು, ಇಲ್ದಿದ್ರೆ ನಾಳೀಕೇ ಯಳಂದೂರ್ಗೆ ಕಳ್ಸದು" ಎಂದು ಇವರು ಮೊದಲೇ ಹೇಳಿದ್ದರು. ನಾನು ಮಾದಪ್ಪನನ್ನು ನೆನೆದು ಕೂತೆ. ಕೊಳ್ಳೇಗಾಲದವರೆಗೂ ಹೂವಿನ ಹಾಗೆ ಹೋದೆವು. ಪೇಟೆ ಬೀದಿಯಲ್ಲಿ ಮುಂದೆ ಒಂದು ಎತ್ತಿನ ಗಾಡಿ ನಿಂತಿತು. ಆ ಗಾಡಿಯ ಹಿಂಬದಿಗೆ ಇನ್ನೊಂದು ಜೋಡಿ ಎತ್ತು ಕಟ್ಟಿಕೊಂಡಿದ್ದರು. ನಾವೂ ನಿಂತೆವು. ಇಂಜಿನ್ ಓಡುತ್ತಿತ್ತು, ಗೇರಿನಲ್ಲೇ ಇತ್ತು, ನಾನು ಕ್ಲಚ್ಚು ಅಮುಕಿ ಹಿಡಿದಿದ್ದೆ.

ಆಗಲೇ ಬಟ್ಟೆ ಅಂಗಡಿಯ ಮೆಟ್ಟಿಲಿನಿಂದ, "ಚೆಂದಾಗಿದ್ದೀಯಾ ಅವ್ವಾ?" ಎಂದು ದನಿ ಬಂತು. ನೋಡಿದರೆ ಹನೂರಿನ ಬೀಗರು, ನನ್ನ ತಮ್ಮನ ಮಾವ. ತವರಿನ ಬೀಗರು ಎದುರು ಸಿಕ್ಕಾಗ ಕೈ ಮುಗಿಯದಿದ್ದರೆ ಉಂಟೇ? ನಾನು ಭಯಭಕ್ತಿಯಿಂದ ಎರಡೂ ಕೈ ಎತ್ತಿ ಮುಗಿದೆ.

ಕ್ಲಚ್ಚು ಬಿಟ್ಟುಹೋಗಿತ್ತು. ಬೈಕು ಛಂಗನೆ ಮುಂದಕ್ಕೆ ನೆಗೆಯಿತು. ಮುಂದೆ ಎತ್ತಿನ ತೊಡೆ, ಅದರ ಕಾಲು ಮುರಿದೇ ಹೋಯಿತು ಎಂದುಕೊಂಡು ಕಣ್ಣು ಮುಚ್ಚಿದೆ. ಇವರು ಬಲಗೈಯಲ್ಲಿ ಬ್ರೇಕ್ ಹಿಡಿದರು. ಆ ದಪ್ಪ ಫೋರ್ಕು ಒಮ್ಮೆ ಕೆಳಕ್ಕೆ ಕುಸಿದು ಮೇಲೆದ್ದಿತು, ಇಂಜಿನ್ ಬಂದ್ ಆಯಿತು, ಗಾಡಿ ನಿಂತಲ್ಲೇ ನಿಂತಿತು. ನಾನು ಇವರ ಬೆನ್ನಿಗೆ ಅಪ್ಪಳಿಸಿದೆ. ಎತ್ತಿಗೂ ಚಕ್ರಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ. ಆ ಎತ್ತು ಬಾಲ ಬೀಸಿ ಇವರ ಮುಖಕ್ಕೆ ಒಂದು ಕೊಟ್ಟಿತು.

ಬೀದಿಗೆ ಬೀದಿಯೇ ನಮ್ಮನ್ನು ನೋಡುತ್ತಿತ್ತು. ಗಾಡಿ ಯಳಂದೂರಿಗೆ ಹೋದ ಹಾಗೆಯೇ ಎಂದು ನನ್ನ ಕಣ್ಣಲ್ಲಿ ನೀರು ತುಂಬಿತು. ಬೀಗರು ಓಡಿ ಬಂದು, ಕಂಬಿಯ ಮೇಲಿನ ಕ್ಲಚ್ಚು ನೋಡಿ, "ಇದೇನಪ್ಪ ಇದು, ಗಾಡಿ ಓಡ್ಸದು ನೀನೋ ನಿನ್ನೆಂಡ್ರೋ?" ಎಂದು ಕೇಳಿದರು.

ಇವರು ಮುಖ ಒರೆಸಿಕೊಂಡರು. "ಇಬ್ರೂವೆ ಮಾವ. ನಿಮ್ ಕಂಡ್ರೆ ಅವಳ್ಗೆ ಮರ್ವಾದೆ ಜಾಸ್ತಿ, ಅದ್ಕೇ ಹಿಂಗಾಯ್ತು" ಎಂದು ಹೇಳಿ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಬರುವ ಹಾಗೆ ನಕ್ಕರು. ಬಿದ್ದ ದಿನದಿಂದ ಆ ನಗು ನಾನು ಕೇಳಿರಲಿಲ್ಲ. ನನಗೆ ಅಳುವೂ ನಗುವೂ ಒಟ್ಟಿಗೇ ಬಂತು. ಆ ದಿನ ಗೂಡು ಎಷ್ಟಕ್ಕೆ ಹೋಯಿತೋ ನೆನಪಿಲ್ಲ. ವಾಪಸು ಬರುವಾಗ ದಾರಿಯುದ್ದಕ್ಕೂ ಇವರು ಮಾತಾಡಿದ್ದು ನೆನಪಿದೆ.

ಗಂಡ ಹೆಂಡತಿ ಸಂಸಾರದ ಬಂಡಿಯ ಎರಡು ಚಕ್ರ ಎಂದು ಮದುವೆ ಮನೆಯಲ್ಲಿ ಹಿರಿಯರು ಹೇಳುತ್ತಾರೆ. ನಮ್ಮ ಮನೆಯ ಲೆಕ್ಕ ಸ್ವಲ್ಪ ಬೇರೆ. ಬ್ರೇಕ್ ಅವರದು, ಕ್ಲಚ್ಚು ನನ್ನದು. ಅದನ್ನು ನೆನೆದಾಗಲೆಲ್ಲ ಇವತ್ತಿಗೂ ಮನಸ್ಸು ತುಂಬುತ್ತದೆ.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಮಾರನೇ ವರ್ಷ ಒಂದು ಬೆಳಗ್ಗೆ ನಾನು ಸೊಪ್ಪು ಕುಯ್ದುಕೊಂಡು ಬರುವಾಗ, ಇವರು ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಾ ಕೂತಿದ್ದರು. ಎರಡೂ ಕೈಯಲ್ಲಿ, ಚೆಂಬಿನಲ್ಲಿ ನೊರೆ ಏಳುವ ಹಾಗೆ. ನಾನು ಸದ್ದು ಮಾಡದೆ ಹಿತ್ತಿಲ ಕಡೆಯಿಂದ ಮನೆಯೊಳಗೆ ಹೋದೆ. ಆ ವಾರವೇ ಬೈಕಿಗೆ ಆಯಿಲ್ ಹಾಕಿಸಲು ಮಾದೇಶನ ಅಂಗಡಿಗೆ ಹೋಗಿದ್ದಾಗ ಅವನು, "ಕ್ಲಚ್ಚ ಮುಂದಕ್ ಹಾಕ್ಬುಡ್ಲಾ ಅಣ್ಣಾ?" ಎಂದು ಕೇಳಿದ.

"ಬ್ಯಾಡ ಕಣ್ಲಾ, ಕೈ ಇನ್ನೂ ಬಂದಿಲ್ಲ" ಎಂದರು ಇವರು.

ನಾನು ಪಕ್ಕದಲ್ಲೇ ನಿಂತಿದ್ದೆ. "ಊಂ ಕಣಪ್ಪ, ಬಂದಿಲ್ಲ" ಎಂದೆ.