ಹೊನೋರಾ ಒಲೆಗಿಟ್ಟ ಊರ ಮಣ್ಣು

1866ರಲ್ಲಿ ಅರ್ಜೆಂಟೀನಾದ ಪಂಪಾ ಬಯಲಿಗೆ ಬಂದಾಗ ಹೊನೋರಾ ಡಾಲ್ಟನ್‌ಳನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸಿದ್ದು ಅಲ್ಲಿನ ಕಲ್ಲಿಲ್ಲದ ನೆಲ. ಐರ್ಲೆಂಡಿನ ಬ್ಯಾಲಿಮೋರಿನಲ್ಲಿ ಹೊಲದ ಕಲ್ಲು ಆರಿಸಿ ಆರಿಸಿಯೇ ಅವಳಪ್ಪನ ಬೆನ್ನು ಬಾಗಿತ್ತು. ಇಲ್ಲಿ ಹೊಸ್ತಿಲಿಗೆಂದು ಹುಡುಕಿದರೂ ಒಂದು ಕಲ್ಲಿಲ್ಲ. ಕಣ್ಣು ಹಾಯುವಷ್ಟೂ ಹುಲ್ಲು, ಗಂಡ ಥೇಡಿ ಪಾಲಿನ ಕರಾರಿನ ಮೇಲೆ ಮೇಯಿಸುತ್ತಿದ್ದ ಬೇರೆಯವರ ಕುರಿಗಳು, ಒಂದು ಮಣ್ಣಿನ ಗುಡಿಸಲು. ಸೌದೆಯಂತೂ ಕನಸಿನ ಮಾತು. ಒಲೆಗೆ ಒಣಗಿದ ಕುರಿ ಹಿಕ್ಕೆಯೇ ಗತಿ.

ಮೊದಲ ಹೆರಿಗೆಯ ದಿನ ಥೇಡಿ ಉಣ್ಣೆ ಮಾರಲು ಪಟ್ಟಣಕ್ಕೆ ಹೋಗಿದ್ದ. ಬೆಳಿಗ್ಗೆ ಗುಡಿಸಲಿನಿಂದ ಹೊಗೆ ಏಳದ್ದನ್ನು ಕಂಡು ಕುದುರೆ ಓಡಿಸಿಕೊಂಡು ಬಂದವಳು ನೆರೆಯ ದೋನ್ಯಾ ರೆಮೆದಿಯೋಸ್; ದೋನ್ಯಾ ಎಂದರೆ ಅಲ್ಲಿಯ ಮಾತಿನಲ್ಲಿ ಅಮ್ಮನವರು. ಒಬ್ಬಳ ಮಾತು ಇನ್ನೊಬ್ಬಳಿಗೆ ತಿಳಿಯದು. ನೋವು ತಡೆಯಲಾರದೆ ಹೊನೋರಾ ಊರ ಮಾತಿನಲ್ಲಿ ಬೈದಳು, ಆಕೆ ಸ್ಪ್ಯಾನಿಷ್‌ನಲ್ಲಿ ತಿರುಗಿ ಬೈದಳು. ಹೆಣ್ಣು ಕೂಸು ಸುಖವಾಗಿ ಹುಟ್ಟಿತು. ಅದಕ್ಕೆ ರೆಮೆದಿಯೋಸ್ ಎಂದೇ ಹೆಸರಿಟ್ಟರು.

ಆರನೆಯ ವರ್ಷ ಥೇಡಿಯ ಅಕ್ಕನ ಮಗಳು ಡೀಲಿಯಾ ಊರಿನಿಂದ ಬಂದಳು. ಅವಳ ಪೆಟ್ಟಿಗೆಯಲ್ಲಿ ಶಾಲು ಸುತ್ತಿದ ಒಂದು ಕರಿ ಹೆಂಟೆ. ಊರಿನ ಜೌಗಿನಿಂದ ಕೊಯ್ದು ಒಣಗಿಸಿದ ಉರುವಲು ಮಣ್ಣು. ಅಲ್ಲಿ ಮನೆಮನೆಯ ಒಲೆಯಲ್ಲೂ ಸೌದೆಯ ಬದಲು ಉರಿಯುವುದು ಇದೇ, ಊರ ವಾಸನೆಯೆಂದರೆ ಇದರ ಹೊಗೆ.

"ನಿಮ್ಮಮ್ಮ ಕೊಟ್ಟು ಕಳಿಸಿದ್ರು, ಅತ್ತೆ."

ಥೇಡಿ ಅದನ್ನು ಮಾತೆ ಮೇರಿಯ ಪಟದ ಪಕ್ಕ ಇಟ್ಟ. "ಯಾರೂ ಮುಟ್ಟಬೇಡಿ. ಸತ್ತಾಗ ನನ್ನ ಗುಂಡಿಗೆ ಹಾಕಿ."

"ಸತ್ತೋರ ಮೂಗಿಗೆ ವಾಸನೆ ಏನು ತಿಳಿಯುತ್ತೆ? ಅಮ್ಮ ಕಳಿಸಿರೋದು ಒಲೆಗೆ," ಎಂದಳು ಹೊನೋರಾ.

ಭಾನುವಾರ ಮಧ್ಯಾಹ್ನಕ್ಕೆ ಸುತ್ತಲಿನ ಐರಿಶ್ ಕುರಿಗಾಹಿಗಳಿಗೆಲ್ಲ ಹೇಳಿಕಳಿಸಿದಳು. ಹದಿಮೂರು ಜನ ಒತ್ತಿಕೊಂಡು ಕೂತರು. ಹೆಂಟೆ ಕೆಂಡದ ಮೇಲೆ ಕೂತು ಮೆಲ್ಲಗೆ ಹೊಗೆಯಾಡಿತು. ಒಬ್ಬ ಮುದುಕ ಟೋಪಿ ತೆಗೆದ. ಥೇಡಿ ಗೋಡೆಗೆ ಮುಖ ಮಾಡಿದ.

ಅಷ್ಟರಲ್ಲಿ ದೋನ್ಯಾ ರೆಮೆದಿಯೋಸ್ ಕೆಮ್ಮುತ್ತಾ ಒಳಬಂದಳು. "ಅಯ್ಯೋ, ಏನೇ ತಂಗಿ ಈ ನಾತ! ಯಾಕೆ ಎಲ್ಲಾ ಅಳ್ತಿದೀರಾ?"

"ಕಣ್ಣಿಗೆ ಹೊಗೆ ಹೋಯ್ತು, ಅಕ್ಕ."

"ಆಹಾ! ಆರು ವರ್ಷ ಹಿಕ್ಕೆ ಹೊಗೇಲಿ ಅಳದೋಳು!"

ಗುಡಿಸಲು ನಗೆಯಿಂದ ತುಂಬಿಹೋಯಿತು. ಒಂದು ಗಂಟೆಯಲ್ಲಿ ಹೆಂಟೆ ಬೂದಿಯಾಯಿತು.

ಥೇಡಿ ಎರಡು ದಿನ ಹೆಂಡತಿಯೊಡನೆ ಮಾತು ಬಿಟ್ಟ. ಮೂರನೆಯ ಬೆಳಿಗ್ಗೆ ತಿಂಡಿಗೆ ಕೂತವನು ತಲೆ ಎತ್ತದೆಯೇ ಅಂದ: "ಆ ಹೊಗೇಲಿ ನಮ್ಮವ್ವ ಕಂಡ್ಲು ಕಣೇ. ಒಲೆ ಮುಂದೆ ಕೂತು ಕಾಲು ಕಾಯಿಸ್ಕೋತಿದ್ಲು."

ಹೊನೋರಾ ಅವನ ರೊಟ್ಟಿಗೆ ಇನ್ನಷ್ಟು ಬೆಣ್ಣೆ ಸವರಿದಳು. ಮುಂದೆ ನಲವತ್ತು ವರ್ಷ ಆ ಬಯಲಿನಲ್ಲೇ ಬಾಳಿದರು. ಊರನ್ನು ಇಬ್ಬರೂ ಮತ್ತೆ ನೋಡಲಿಲ್ಲ.